ಗಂಡಸರಲ್ಲಿ ಸ್ತನ ಬೆಳವಣಿಗೆ: ಶಸ್ತ್ರಚಿಕಿತ್ಸೆ ಯಾರಿಗೆ, ಯಾವಾಗ, ಯಾವುದು?

ಉಡುಪಿ, ಧರ್ಮಸ್ಥಳದಂತಹ ದೇವಾಲಯಗಳಲ್ಲಿ ಗಂಡಸರು ಅಂಗಿ ಬಿಚ್ಚಿ ಒಳಗೆ ಹೋಗುವುದು ಪದ್ಧತಿ. ನಾಲ್ಕು ಜನರ ನಡುವೆ ಅಂಗಿ ತೆಗೆಯಬೇಕಲ್ಲ ಎಂಬ ಒಂದೇ ಕಾರಣಕ್ಕೆ ಹೊರಗಡೆಯೇ ಚಪ್ಪಲಿ ಕಾಯುತ್ತ ನಿಂತುಬಿಡುವ ಯುವಕರಿದ್ದಾರೆ. ಈಜುಕೊಳಕ್ಕೆ ಇಳಿಯದವರು, ಬೇಸಿಗೆಯಲ್ಲೂ ಅಂಗಿಯ ಕೆಳಗೆ ಎರಡು ಬನಿಯನ್ ತೊಡುವವರು, ಭುಜ ಮುಂದಕ್ಕೆ ಬಾಗಿಸಿಯೇ ನಡೆಯುವುದನ್ನು ರೂಢಿ ಮಾಡಿಕೊಂಡವರೂ ಇದ್ದಾರೆ. ಎದೆಯ ಭಾಗ ಹೆಣ್ಣುಮಕ್ಕಳಂತೆ ಉಬ್ಬಿರುವುದು ಇವರ ಸಂಕೋಚಕ್ಕೆ ಕಾರಣ. ವೈದ್ಯಕೀಯ ಪರಿಭಾಷೆಯಲ್ಲಿ ಇದಕ್ಕೆ ಗೈನೆಕೊಮಾಸ್ಟಿಯಾ ಎಂದು ಹೆಸರು. ಹೆಣ್ಣು ಮತ್ತು ಸ್ತನ ಎಂಬ ಅರ್ಥದ ಎರಡು ಗ್ರೀಕ್ ಪದಗಳು ಸೇರಿ ಈ ಶಬ್ದವಾಗಿದೆ.

ಬಹುತೇಕ ಸಂದರ್ಭಗಳಲ್ಲಿ ಇದು ಪ್ರಾಣಕ್ಕೆ ಅಪಾಯ ತರುವ ತೊಂದರೆಯಲ್ಲ. ಆದರೆ ಹದಿನೆಂಟು ಇಪ್ಪತ್ತರ ಹುಡುಗನ ಮನಸ್ಸಿನ ಮೇಲೆ ಅದು ಮಾಡುವ ಗಾಯವನ್ನು ಹಗುರವಾಗಿ ಕಾಣುವಂತೆಯೂ ಇಲ್ಲ. ಈ ಸಂಕೋಚವೇ ಈಗ ವ್ಯಾಪಾರದ ಸರಕಾಗಿದೆ. 'ಬೆಳಿಗ್ಗೆ ಬನ್ನಿ, ಸಂಜೆ ಮನೆಗೆ ಹೋಗಿ', 'ಕಲೆಯೇ ಉಳಿಯದ ಲೇಸರ್ ಚಿಕಿತ್ಸೆ' ಎಂಬ ಜಾಹೀರಾತುಗಳು ನಗರಗಳಲ್ಲಿ ಹೇರಳವಾಗಿ ಕಾಣಸಿಗುತ್ತವೆ. ಯಾವ ಯಂತ್ರ ಬಳಸುತ್ತಾರೆ ಎಂದು ಕೇಳುವುದಕ್ಕೂ ಮೊದಲು ರೋಗಿ ಎರಡು ವಿಷಯಗಳನ್ನು ತಿಳಿದುಕೊಳ್ಳಬೇಕು. ಎದೆ ಏಕೆ ಬೆಳೆಯಿತು? ಬೆಳೆದಿರುವುದು ಗ್ರಂಥಿಯೋ, ಕೊಬ್ಬೋ, ಸಡಿಲಗೊಂಡ ಚರ್ಮವೋ? ಇವೆರಡಕ್ಕೆ ಉತ್ತರ ಸಿಕ್ಕಿತೆಂದರೆ ಯಾವ ಶಸ್ತ್ರಚಿಕಿತ್ಸೆ ಬೇಕು, ಅಥವಾ ಬೇಡವೇ ಬೇಡವೆ, ಎಂಬುದು ಬಹುಮಟ್ಟಿಗೆ ತಾನಾಗಿಯೇ ನಿರ್ಧಾರವಾಗುತ್ತದೆ.

ಏಕೆ ಬೆಳೆಯುತ್ತದೆ?

ಪ್ರತಿಯೊಬ್ಬ ಗಂಡಸಿನ ತೊಟ್ಟಿನ ಹಿಂದೆಯೂ ಸ್ತನ ಗ್ರಂಥಿಯ ಸಣ್ಣ ಅಂಶವೊಂದು ಹುಟ್ಟಿನಿಂದಲೇ ಇರುತ್ತದೆ. ಈಸ್ಟ್ರೋಜನ್ ಎಂಬ ಹಾರ್ಮೋನು ಅದನ್ನು ಬೆಳೆಸುತ್ತದೆ, ಟೆಸ್ಟೋಸ್ಟಿರೋನ್ ತಡೆಹಿಡಿಯುತ್ತದೆ. ಈ ಎರಡರ ನಡುವಿನ ತೂಕ ತಪ್ಪಿದಾಗ ಗ್ರಂಥಿ ದೊಡ್ಡದಾಗುತ್ತದೆ. ಗಂಡಿನ ಜೀವಿತದಲ್ಲಿ ಮೂರು ಘಟ್ಟಗಳಲ್ಲಿ ಇದು ಸಹಜವಾಗಿಯೇ ಸಂಭವಿಸುತ್ತದೆ.

ಮೊದಲನೆಯದು ನವಜಾತ ಶಿಶುವಿನಲ್ಲಿ. ತಾಯಿಯ ಹಾರ್ಮೋನುಗಳ ಪ್ರಭಾವದಿಂದ ಅರ್ಧಕ್ಕಿಂತ ಹೆಚ್ಚು ಶಿಶುಗಳ ಎದೆ ಹುಟ್ಟಿದಾಗ ಊದಿಕೊಂಡಿರುತ್ತದೆ, ಕೆಲವೊಮ್ಮೆ ಹಾಲಿನಂತಹ ದ್ರವವೂ ಒಸರುತ್ತದೆ. ಎರೆಯುವಾಗ ಆ ಹಾಲನ್ನು ಹಿಂಡಿ ತೆಗೆಯಬೇಕೆಂಬ ನಂಬಿಕೆ ನಮ್ಮ ಅನೇಕ ಮನೆಗಳಲ್ಲಿ ಇಂದಿಗೂ ಇದೆ. ಹಾಗೆ ಹಿಂಡುವುದರಿಂದ ಸೋಂಕು ತಗುಲಿ ಕೀವು ಕಟ್ಟುವ ಅಪಾಯವಿದೆ. ಏನನ್ನೂ ಮಾಡದೆ ಬಿಟ್ಟರೆ ಕೆಲವು ವಾರಗಳಲ್ಲಿ ಅದು ಇಳಿದುಹೋಗುತ್ತದೆ.

ಎರಡನೆಯದು ಹದಿಹರೆಯ. ಸುಮಾರು ಅರ್ಧದಷ್ಟು ಹುಡುಗರಲ್ಲಿ 13-14ರ ಪ್ರಾಯದಲ್ಲಿ ತೊಟ್ಟಿನ ಹಿಂದೆ ನಾಣ್ಯದಂತಹ ಗಡ್ಡೆ ಕಾಣಿಸಿಕೊಳ್ಳುತ್ತದೆ. ಮುಟ್ಟಿದರೆ ನೋಯುವುದೂ ಉಂಟು. ಹೆಚ್ಚಿನವರಲ್ಲಿ ಇದು 6 ತಿಂಗಳಿಂದ 2 ವರ್ಷಗಳೊಳಗೆ ತಾನಾಗಿಯೇ ಕರಗುತ್ತದೆ. ಹೀಗಿರುವಾಗ ಹತ್ತನೆಯ ತರಗತಿಯ ಹುಡುಗನನ್ನು ಶಸ್ತ್ರಚಿಕಿತ್ಸೆಯ ಮೇಜಿಗೆ ಕರೆದೊಯ್ಯುವುದು ಆತುರವೇ ಸರಿ. ಪ್ರೌಢಾವಸ್ಥೆಯ ಬೆಳವಣಿಗೆ ಮುಗಿಯುವ ಮೊದಲೇ ಗ್ರಂಥಿ ತೆಗೆದರೆ ಅದು ಮತ್ತೆ ಬೆಳೆಯುವ ಸಾಧ್ಯತೆಯೂ ಇದೆ. ಈ ಅವಧಿಯಲ್ಲಿ ಹುಡುಗನಿಗೆ ಬೇಕಾದುದು ಸಹಪಾಠಿಗಳ ಗೇಲಿಯಿಂದ ರಕ್ಷಣೆ ಮತ್ತು 'ಇದು ರೋಗವಲ್ಲ' ಎಂದು ತಂದೆಯೋ ವೈದ್ಯರೋ ಬಿಡಿಸಿ ಹೇಳುವ ಮಾತು.

ಮೂರನೆಯ ಘಟ್ಟ 50 ದಾಟಿದ ನಂತರದ್ದು. ಟೆಸ್ಟೋಸ್ಟಿರೋನ್ ಕ್ರಮೇಣ ಇಳಿಯುತ್ತದೆ, ಮೈಯಲ್ಲಿ ಕೊಬ್ಬು ಏರುತ್ತದೆ. ಕೊಬ್ಬಿನ ಅಂಗಾಂಶವು ಟೆಸ್ಟೋಸ್ಟಿರೋನನ್ನು ಈಸ್ಟ್ರೋಜನ್ ಆಗಿ ಮಾರ್ಪಡಿಸಬಲ್ಲದು. ಬೊಜ್ಜಿರುವವರಲ್ಲಿ ಎದೆ ಎರಡು ರೀತಿಯಲ್ಲಿ ಬೆಳೆಯುವುದು ಇದರಿಂದಲೇ.

ಈ ಮೂರು ಘಟ್ಟಗಳ ಹೊರಗೆ ಎದೆ ಬೆಳೆದರೆ ಕಾರಣ ಹುಡುಕಲೇಬೇಕು. ಔಷಧಗಳು ಸಾಮಾನ್ಯ ಕಾರಣ. ಹೃದಯ ಹಾಗೂ ಯಕೃತ್ತಿನ ರೋಗಿಗಳಿಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್, ಪ್ರಾಸ್ಟೇಟ್ ತೊಂದರೆಗೆ ಮತ್ತು ಕೂದಲು ಉದುರುವುದಕ್ಕೆ ಕೊಡುವ ಫಿನಾಸ್ಟರೈಡ್, ಹಳೆಯ ಆಮ್ಲಪಿತ್ತದ ಮಾತ್ರೆ ಸಿಮೆಟಿಡಿನ್, ಶಿಲೀಂಧ್ರ ಸೋಂಕಿನ ಕೀಟೊಕೊನಜೋಲ್ ಮಾತ್ರೆ, ಮನೋರೋಗಕ್ಕೆ ಬಳಸುವ ರಿಸ್ಪೆರಿಡೋನ್, ಎಚ್‌ಐವಿ ಚಿಕಿತ್ಸೆಯ ಎಫಾವಿರೆಂಜ್ ಇವುಗಳಲ್ಲಿ ಕೆಲವು. ಪ್ರಾಸ್ಟೇಟ್ ಕ್ಯಾನ್ಸರಿಗೆ ಬೈಕ್ಯಾಲುಟಮೈಡ್ ಮಾತ್ರವನ್ನೇ ಸೇವಿಸುವವರಲ್ಲಿ ಬಹುಪಾಲು ಮಂದಿಗೆ ಎದೆ ಊದಿ ನೋವು ಬರುತ್ತದೆ. ಇಂತಹ ಮಾತ್ರೆಯನ್ನು ರೋಗಿ ತಾನಾಗಿಯೇ ನಿಲ್ಲಿಸಕೂಡದು. ಬದಲಿ ಔಷಧ ಉಂಟೇ ಎಂದು ಬರೆದುಕೊಟ್ಟ ವೈದ್ಯರನ್ನೇ ಕೇಳಬೇಕು.

ಜಿಮ್‌ಗಳಲ್ಲಿ ಮೈ ಬೆಳೆಸಲು ಚುಚ್ಚಿಸಿಕೊಳ್ಳುವ ಅನಬಾಲಿಕ್ ಸ್ಟೀರಾಯ್ಡ್‌ಗಳದು ವಿಚಿತ್ರವಾದ ಕಥೆ. ಹೊರಗಿನಿಂದ ಸುರಿದ ಪುರುಷ ಹಾರ್ಮೋನಿನ ಒಂದು ಪಾಲು ದೇಹದೊಳಗೆ ಈಸ್ಟ್ರೋಜನ್ ಆಗಿ ಬದಲಾಗುತ್ತದೆ. ಗಂಡಸುತನ ಹೆಚ್ಚಲೆಂದು ತೆಗೆದುಕೊಂಡದ್ದು ಎದೆಯನ್ನು ಬೆಳೆಸುತ್ತದೆ! ಇವರಲ್ಲಿ ಗ್ರಂಥಿ ಗಟ್ಟಿಯಾಗಿರುತ್ತದೆ, ಶಸ್ತ್ರಚಿಕಿತ್ಸೆಯ ಬಳಿಕ ಮತ್ತೆ ಸೂಜಿ ಹಿಡಿದರೆ ಉಳಿದ ಗ್ರಂಥಿ ಪುನಃ ಬೆಳೆಯುತ್ತದೆ.

ರೋಗಗಳಲ್ಲಿ ಯಕೃತ್ತಿನ ಸಿರೋಸಿಸ್, ಅತಿಯಾದ ಮದ್ಯಪಾನ, ಥೈರಾಯ್ಡ್ ಗ್ರಂಥಿಯ ಅತಿಸ್ರಾವ, ಮೂತ್ರಪಿಂಡದ ವೈಫಲ್ಯ ಮುಖ್ಯವಾದವು. ಅಪರೂಪವಾದರೂ ಮರೆಯಬಾರದ ಕಾರಣ ವೃಷಣದ ಗಡ್ಡೆ. ಎದೆಯ ತೊಂದರೆಗೆಂದು ಬಂದ ಯುವಕನ ವೃಷಣವನ್ನು ಪರೀಕ್ಷಿಸದೆ ನೇರವಾಗಿ ಶಸ್ತ್ರಚಿಕಿತ್ಸೆಯ ದಿನಾಂಕ ಕೊಡುವ ವೈದ್ಯರ ಬಗ್ಗೆ ಅನುಮಾನ ಪಡುವುದೇ ಒಳ್ಳೆಯದು. ಒಂದು ಹೆಚ್ಚುವರಿ ಎಕ್ಸ್ ವರ್ಣತಂತುವಿನೊಂದಿಗೆ ಹುಟ್ಟುವ ಕ್ಲೈನ್‌ಫೆಲ್ಟರ್ ಸ್ಥಿತಿಯಲ್ಲಿ ಎದೆ ಬೆಳೆಯುವುದರ ಜೊತೆಗೆ ಸ್ತನ ಕ್ಯಾನ್ಸರಿನ ಸಂಭವವೂ ಇತರ ಗಂಡಸರಿಗಿಂತ ಹೆಚ್ಚು.

ಗಂಡಸರಿಗೆ ಸ್ತನ ಕ್ಯಾನ್ಸರ್ ಬರುತ್ತದೆಯೇ? ಬರುತ್ತದೆ. ಒಟ್ಟು ಸ್ತನ ಕ್ಯಾನ್ಸರುಗಳಲ್ಲಿ ಶೇ. 1ರಷ್ಟು ಪುರುಷರದು. ಒಂದೇ ಕಡೆ ಗಡ್ಡೆ, ಅದು ಕಲ್ಲಿನಂತೆ ಗಟ್ಟಿಯಾಗಿ ತೊಟ್ಟಿನಿಂದ ಪಕ್ಕಕ್ಕೆ ಸರಿದಿರುವುದು, ತೊಟ್ಟು ಒಳಕ್ಕೆ ಎಳೆದುಕೊಂಡಿರುವುದು, ರಕ್ತಮಿಶ್ರಿತ ಸ್ರಾವ, ಕಂಕುಳಲ್ಲಿ ಗಂಟು: ಇವುಗಳಲ್ಲಿ ಯಾವುದೊಂದಿದ್ದರೂ ಸೌಂದರ್ಯ ಚಿಕಿತ್ಸೆಯ ಮಾತು ಬದಿಗಿಟ್ಟು ಮ್ಯಾಮೊಗ್ರಾಂ, ಅಲ್ಟ್ರಾಸೌಂಡ್ ಹಾಗೂ ಸೂಜಿ ಬಯಾಪ್ಸಿ ಮಾಡಿಸಬೇಕು.

ಒಳಗಿರುವುದು ಏನು?

ಕಾರಣ ಸ್ಪಷ್ಟವಾದ ಮೇಲೆ ಬರುವ ಪ್ರಶ್ನೆ ಇದು. ಮಲಗಿದ ರೋಗಿಯ ಎದೆಯನ್ನು ವೈದ್ಯರು ಹೆಬ್ಬೆರಳು ಮತ್ತು ತೋರುಬೆರಳುಗಳಿಂದ ಎರಡೂ ಬದಿಯಿಂದ ಒತ್ತುತ್ತ ತೊಟ್ಟಿನತ್ತ ಬರುತ್ತಾರೆ. ತೊಟ್ಟಿನ ಕೆಳಗೆ ರಬ್ಬರಿನಂತಹ ಬಿಲ್ಲೆ ಬೆರಳಿಗೆ ತಡೆಯೊಡ್ಡಿದರೆ ಅದು ಗ್ರಂಥಿ. ತಡೆಯಿಲ್ಲದೆ ಬೆರಳುಗಳು ತೊಟ್ಟಿನವರೆಗೂ ಸಲೀಸಾಗಿ ಸೇರಿದರೆ ಅಲ್ಲಿರುವುದು ಬರೀ ಕೊಬ್ಬು. ಎರಡೂ ಬೆರೆತಿರುವವರು ಬಹಳ. ಸಂದೇಹವಿದ್ದಲ್ಲಿ ಅಲ್ಟ್ರಾಸೌಂಡ್ ನೆರವಾಗುತ್ತದೆ.

ಬರೀ ಕೊಬ್ಬಿದ್ದರೆ ತೂಕ ಇಳಿಸುವುದೇ ಮೊದಲ ಚಿಕಿತ್ಸೆ. ಗ್ರಂಥಿಯಾಗಿದ್ದರೆ ಎಷ್ಟು ಓಡಿದರೂ ಅದು ಕರಗದು. ದಂಡ ಹೊಡೆಯುವುದರಿಂದ ಹಿಂದಿರುವ ಎದೆಯ ಸ್ನಾಯು ಬೆಳೆದು ಗ್ರಂಥಿಯನ್ನು ಇನ್ನಷ್ಟು ಮುಂದಕ್ಕೆ ತಳ್ಳುವುದೂ ಉಂಟು. ಹೊಸದಾಗಿ ಕಾಣಿಸಿಕೊಂಡು ನೋಯುತ್ತಿರುವ ಗ್ರಂಥಿಗೆ ಟಮಾಕ್ಸಿಫೆನ್ ಮಾತ್ರೆಯನ್ನು ತಜ್ಞರು ಕೆಲವರಿಗೆ ಸೂಚಿಸುತ್ತಾರೆ. ಆದರೆ ಒಂದು ವರ್ಷ ಕಳೆದ ಗ್ರಂಥಿಯಲ್ಲಿ ನಾರಿನ ಅಂಶ ತುಂಬಿಕೊಂಡು ಗಟ್ಟಿಯಾಗಿರುತ್ತದೆ. ಅಲ್ಲಿಗೆ ಮಾತ್ರೆಯ ಆಟ ನಡೆಯುವುದಿಲ್ಲ. ಕಾರಣ ನಿವಾರಣೆಯಾಗಿ, ಒಂದೆರಡು ವರ್ಷ ಕಾದು, ತೂಕ ಸ್ಥಿರವಾದ ಮೇಲೂ ಉಳಿದುಕೊಂಡ ಎದೆಗೆ ಶಸ್ತ್ರಚಿಕಿತ್ಸೆಯೇ ಪರಿಹಾರ.

ಹಳೆಯ ಛೇದ, ಹೊಸ ನಳಿಕೆ

ಇದು ಇಂದು ನಿನ್ನೆಯ ಶಸ್ತ್ರಕ್ರಿಯೆಯಲ್ಲ. 7ನೆಯ ಶತಮಾನದಲ್ಲಿ ಬಾಳಿದ ಗ್ರೀಕ್ ವೈದ್ಯ, ಏಜಿನಾ ದ್ವೀಪದ ಪೌಲ, ಎದೆಯ ಕೆಳಭಾಗದಲ್ಲಿ ಅರ್ಧಚಂದ್ರಾಕಾರದ ಛೇದ ಮಾಡಿ ಉಬ್ಬನ್ನು ತೆಗೆದು ಹೊಲಿಯುವ ಕ್ರಮವನ್ನು ಬರೆದಿಟ್ಟಿದ್ದಾನೆ. ಎದೆ ಜೋತುಬಿದ್ದಿದ್ದರೆ ಎರಡು ಅರ್ಧಚಂದ್ರ ಛೇದಗಳ ನಡುವಿನ ಚರ್ಮವನ್ನೂ ತೆಗೆಯಬೇಕೆನ್ನುತ್ತಾನೆ. ಕಲೆ ಕಾಣದಂತೆ ಮರೆಮಾಡುವ ಜಾಣ್ಮೆ ಬಹಳ ತಡವಾಗಿ ಬಂತು. ಅಮೆರಿಕದ ಶಸ್ತ್ರವೈದ್ಯ ಜೆರೋಮ್ ವೆಬ್‌ಸ್ಟರ್ 1946ರಲ್ಲಿ ತೊಟ್ಟಿನ ಸುತ್ತಲಿನ ಕಪ್ಪು ವರ್ತುಲದ ಕೆಳ ಅಂಚಿನಲ್ಲಿ ಅರ್ಧವೃತ್ತಾಕಾರದ ಛೇದವನ್ನು ಪ್ರಚುರಪಡಿಸಿದರು. ಕಪ್ಪು ಚರ್ಮ ಮತ್ತು ಸುತ್ತಲಿನ ಚರ್ಮದ ಬಣ್ಣ ಕೂಡುವ ಗೆರೆಯಲ್ಲಿ ಕಲೆ ಅಡಗಿಹೋಗುತ್ತದೆ. ಗ್ರಂಥಿ ತೆಗೆಯಲು ಇಂದಿಗೂ ಹೆಚ್ಚಾಗಿ ಬಳಕೆಯಾಗುವುದು ಇದೇ ದಾರಿ.

ಮತ್ತೊಂದು ತಿರುವು ಲೈಪೊಸಕ್ಷನ್. 1970ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಇವ್ ಝೆರಾರ್ ಇಲೂಝ್ ಮೊಂಡುತುದಿಯ ಟೊಳ್ಳು ನಳಿಕೆಯಿಂದ ಕೊಬ್ಬನ್ನು ಹೀರಿ ತೆಗೆಯುವ ವಿಧಾನವನ್ನು ಬಳಕೆಗೆ ತಂದರು. 1980ರ ದಶಕದಲ್ಲಿ ಅದು ಗಂಡಸರ ಎದೆಯ ಚಿಕಿತ್ಸೆಗೂ ಬಂತು. ಕಂಕುಳ ಬಳಿ ಅಥವಾ ಎದೆಯ ಕೆಳಮಡಿಕೆಯಲ್ಲಿ ಕೆಲವೇ ಮಿಲಿಮೀಟರಿನ ರಂಧ್ರ ಸಾಕು. ಮೊದಲು ಲವಣದ್ರಾವಣಕ್ಕೆ ಅರಿವಳಿಕೆಯ ಔಷಧ ಹಾಗೂ ಅಡ್ರಿನಲಿನ್ ಬೆರೆಸಿ ಎದೆಯೊಳಗೆ ತುಂಬುತ್ತಾರೆ. ಅಡ್ರಿನಲಿನ್‌ನಿಂದ ರಕ್ತನಾಳಗಳು ಕುಗ್ಗಿ ರಕ್ತಸ್ರಾವ ಕಡಿಮೆಯಾಗುತ್ತದೆ.

ಲೈಪೊಸಕ್ಷನ್ ಕೊಬ್ಬನ್ನು ಚೆನ್ನಾಗಿ ಹೀರುತ್ತದೆ, ಎದೆಯ ಅಂಚುಗಳನ್ನು ನುಣುಪಾಗಿ ಇಳಿಜಾರು ಮಾಡುತ್ತದೆ. ಆದರೆ ತೊಟ್ಟಿನ ಹಿಂದಿನ ನಾರುಗಟ್ಟಿದ ಬಿಲ್ಲೆ ಸಾಮಾನ್ಯ ನಳಿಕೆಗೆ ಬಗ್ಗುವುದಿಲ್ಲ. ಅಲ್ಟ್ರಾಸೌಂಡ್ ಕಂಪನದ ನಳಿಕೆ, ಲೇಸರ್, ವೇಗವಾಗಿ ಹಿಂದೆಮುಂದೆ ಚಲಿಸುವ ಯಂತ್ರಚಾಲಿತ ನಳಿಕೆ ಇವೆಲ್ಲ ಕೊಬ್ಬನ್ನು ಸಡಿಲಿಸುವ ಕೆಲಸವನ್ನು ಸುಲಭ ಮಾಡುತ್ತವೆ ನಿಜ. ಗಟ್ಟಿ ಗ್ರಂಥಿಯ ಮಟ್ಟಿಗೆ ಇವುಗಳಲ್ಲಿ ಯಾವುದೂ ಶಸ್ತ್ರವೈದ್ಯರ ಕತ್ತರಿಗೆ ಪೂರ್ತಿ ಬದಲಿಯಲ್ಲ. 'ಬರೀ ಲೇಸರ್, ಕತ್ತರಿಯಿಲ್ಲ' ಎಂಬ ಭರವಸೆ ನಂಬಿ ಹೋದವರ ಎದೆ ಚಪ್ಪಟೆಯಾದರೂ ತೊಟ್ಟು ಮಾತ್ರ ಗುಬುಟಿನಂತೆ ಮುಂದೆ ಚಾಚಿ ಉಳಿದು, ಎರಡನೆಯ ಬಾರಿ ಮೇಜು ಹತ್ತಬೇಕಾಗುವುದು ಇದೇ ಕಾರಣಕ್ಕೆ.

ಹೀಗಾಗಿ ಗ್ರಂಥಿ ಮತ್ತು ಕೊಬ್ಬು ಎರಡೂ ಇರುವವರಲ್ಲಿ ಎರಡನ್ನೂ ಜೋಡಿಸುತ್ತಾರೆ. ಮೊದಲು ಲೈಪೊಸಕ್ಷನ್, ಬಳಿಕ ಕಪ್ಪು ವರ್ತುಲದ ಅಂಚಿನ ಛೇದದ ಮೂಲಕ ಗ್ರಂಥಿಯ ನಿವಾರಣೆ. ಲೈಪೊಸಕ್ಷನ್ ರಂಧ್ರದ ಮೂಲಕವೇ ಗ್ರಂಥಿಯನ್ನು ತುಂಡುತುಂಡಾಗಿ ಹೊರಗೆಳೆಯುವ ಕ್ರಮವನ್ನೂ ಕೆಲವು ಶಸ್ತ್ರವೈದ್ಯರು ಅನುಸರಿಸುತ್ತಾರೆ. ಅದರಲ್ಲಿ ಕಲೆ ಇನ್ನೂ ಚಿಕ್ಕದು, ಆದರೆ ಕೈ ಪಳಗಿರಬೇಕು.

ಈ ಶಸ್ತ್ರಚಿಕಿತ್ಸೆಯ ನಿಜವಾದ ಕೌಶಲ ಎಷ್ಟು ತೆಗೆಯಬೇಕು ಎಂಬುದಕ್ಕಿಂತ ಎಷ್ಟು ಬಿಡಬೇಕು ಎಂಬುದರಲ್ಲಿದೆ. 'ಪೂರ್ತಿ ತೆಗೆದುಬಿಡಿ ಡಾಕ್ಟರೇ' ಎನ್ನುವುದು ರೋಗಿಗಳ ಸಾಮಾನ್ಯ ಕೋರಿಕೆ. ತೊಟ್ಟಿನ ಹಿಂದೆ ಏನನ್ನೂ ಬಿಡದೆ ಕೆರೆದರೆ ತೊಟ್ಟು ಹಿಂದಿನ ಸ್ನಾಯುವಿಗೆ ಅಂಟಿಕೊಂಡು ಎದೆಯಲ್ಲಿ ತಟ್ಟೆಯಂತಹ ತಗ್ಗು ಬೀಳುತ್ತದೆ, ಕೈ ಎತ್ತಿದಾಗ ಆ ಗುಳಿ ಮತ್ತಷ್ಟು ಎದ್ದು ಕಾಣುತ್ತದೆ. ತೊಟ್ಟಿಗೆ ರಕ್ತ ಪೂರೈಕೆಯೂ ಕುಂದುತ್ತದೆ. ಉಬ್ಬನ್ನು ಸರಿಪಡಿಸುವುದಕ್ಕಿಂತ ಈ ಗುಳಿಯನ್ನು ತುಂಬಿಸುವುದು ಬಹಳ ಕಷ್ಟದ ಕೆಲಸ. ಅದಕ್ಕಾಗಿಯೇ ಅನುಭವಿ ಶಸ್ತ್ರವೈದ್ಯರು ತೊಟ್ಟಿನ ಕೆಳಗೆ ಗ್ರಂಥಿಯ ತೆಳುವಾದ ಪದರವೊಂದನ್ನು ಉದ್ದೇಶಪೂರ್ವಕವಾಗಿ ಬಿಡುತ್ತಾರೆ. ಶಸ್ತ್ರಚಿಕಿತ್ಸೆಯಾದ ಮೇಲೂ ಬೆರಳಿಗೆ ಏನೋ ಸಿಗುತ್ತಿದೆ ಎಂದು ಗಾಬರಿಗೊಳ್ಳುವವರು ಇದನ್ನು ತಿಳಿದಿರಬೇಕು.

ಚರ್ಮ ಸಡಿಲವಾಗಿದ್ದರೆ

ಸೈಮನ್ ಮತ್ತು ಸಂಗಡಿಗರು 1973ರಲ್ಲಿ ಮಾಡಿದ ವರ್ಗೀಕರಣವನ್ನು ವೈದ್ಯರು ಇಂದಿಗೂ ಬಳಸುತ್ತಾರೆ. ಸಣ್ಣ ಉಬ್ಬು ಮೊದಲನೆಯ ದರ್ಜೆ. ಮಧ್ಯಮ ಗಾತ್ರದ್ದು ಎರಡನೆಯದು. ಇದರಲ್ಲಿ ಹೆಚ್ಚುವರಿ ಚರ್ಮವಿಲ್ಲದಿದ್ದರೆ 'ಎ', ಇದ್ದರೆ 'ಬಿ'. ಸಾಕಷ್ಟು ದೊಡ್ಡದಾಗಿ ಚರ್ಮ ಜೋತುಬಿದ್ದಿದ್ದರೆ ಮೂರನೆಯದು. ಗಮನಿಸಿ, ದರ್ಜೆಯನ್ನು ಮುಖ್ಯವಾಗಿ ಬದಲಿಸುವುದು ಚರ್ಮ.

ಯೌವನದ ಚರ್ಮಕ್ಕೆ ಕುಗ್ಗುವ ಗುಣವಿದೆ. ಒಳಗಿನ ತುಂಬು ತೆಗೆದರೆ ಕೆಲವು ತಿಂಗಳಲ್ಲಿ ಅದು ತಾನಾಗಿ ಎದೆಗೆ ಅಂಟಿಕೊಳ್ಳುತ್ತದೆ. ಆದುದರಿಂದ ಮೊದಲೆರಡು ದರ್ಜೆಗಳಲ್ಲಿ ಸಾಮಾನ್ಯವಾಗಿ ಚರ್ಮ ಕತ್ತರಿಸುವುದಿಲ್ಲ. ಆರು ತಿಂಗಳಾದರೂ ಸಡಿಲು ಉಳಿದರೆ ಎರಡನೆಯ ಹಂತದಲ್ಲಿ ತೆಗೆಯಬಹುದು. ಕಪ್ಪು ವರ್ತುಲದ ಸುತ್ತ ಉಂಗುರದಂತೆ ಚರ್ಮ ತೆಗೆದು ಬಿಗಿಯುವುದು ಒಂದು ವಿಧಾನ. ಕಲೆ ಪೂರ್ತಿ ವೃತ್ತವಾಗುತ್ತದೆ.

ನೂರಾರು ಕಿಲೋ ತೂಗಿ, ಬೊಜ್ಜಿನ ಶಸ್ತ್ರಚಿಕಿತ್ಸೆಯಿಂದಲೋ ವ್ಯಾಯಾಮದಿಂದಲೋ ಬಹಳಷ್ಟು ತೂಕ ಇಳಿಸಿಕೊಂಡವರದು ಬೇರೆಯೇ ಪರಿಸ್ಥಿತಿ. ಇವರ ಎದೆಯಲ್ಲಿ ಗ್ರಂಥಿ, ಕೊಬ್ಬುಗಳಿಗಿಂತ ಖಾಲಿ ಚೀಲದಂತಹ ಚರ್ಮವೇ ಹೆಚ್ಚು. ಎದೆಯ ಕೆಳಮಡಿಕೆಯುದ್ದಕ್ಕೂ ಛೇದ ಮಾಡಿ ಹೆಚ್ಚುವರಿ ಚರ್ಮ ತೆಗೆಯಬೇಕಾಗುತ್ತದೆ. ತೊಟ್ಟು ತೀರ ಕೆಳಗಿಳಿದಿದ್ದರೆ ಅದನ್ನು ಸಂಪೂರ್ಣ ಬಿಡಿಸಿ, ಚರ್ಮದ ಕಸಿಯಂತೆ ಮೇಲೆ ಸರಿಯಾದ ಜಾಗದಲ್ಲಿ ಕೂರಿಸುತ್ತಾರೆ. ಕಸಿ ಮಾಡಿದ ತೊಟ್ಟಿನಲ್ಲಿ ಸ್ಪರ್ಶಜ್ಞಾನ ಬಹುಮಟ್ಟಿಗೆ ಹೋಗುತ್ತದೆ, ಬಣ್ಣ ತೇಪೆತೇಪೆಯಾಗಿ ಮಾಸಬಹುದು, ಕಲೆ ಎದ್ದು ಕಾಣುತ್ತದೆ. ಅಂಗಿ ತೊಟ್ಟಾಗಿನ ನೆಮ್ಮದಿಗಾಗಿ ಅಂಗಿ ಬಿಚ್ಚಿದಾಗಿನ ಕಲೆಯನ್ನು ಒಪ್ಪಿಕೊಳ್ಳುವ ಲೆಕ್ಕಾಚಾರವಿದು. ರೋಗಿಯೇ ನಿರ್ಧರಿಸಬೇಕು.

ಮೇಜಿನಿಂದ ಮನೆಗೆ

ಸಣ್ಣ ಉಬ್ಬಿಗೆ ಸ್ಥಳೀಯ ಅರಿವಳಿಕೆಯೊಂದಿಗೆ ಮಂಪರು ಬರಿಸುವ ಔಷಧ ಸಾಕಾಗಬಹುದು. ದೊಡ್ಡದಕ್ಕೆ ಪೂರ್ಣ ಅರಿವಳಿಕೆ. ಸಾಮಾನ್ಯವಾಗಿ ಒಂದರಿಂದ ಎರಡು ಗಂಟೆಯ ಕೆಲಸ. ಅದೇ ದಿನ ಅಥವಾ ಮರುದಿನ ಮನೆಗೆ ಕಳುಹಿಸುತ್ತಾರೆ. ಒಳಗೆ ಕೂಡುವ ರಕ್ತ, ನೀರು ಹೊರಬರಲು ಸಣ್ಣ ಕೊಳವೆ ಇರಿಸಿದ್ದರೆ ಒಂದೆರಡು ದಿನಗಳಲ್ಲಿ ತೆಗೆಯುತ್ತಾರೆ. ಎದೆಯನ್ನು ಬಿಗಿಯಾಗಿ ಒತ್ತಿಹಿಡಿಯುವ ವಿಶೇಷ ಬನಿಯನನ್ನು ನಾಲ್ಕರಿಂದ ಆರು ವಾರ ತೊಡಬೇಕು. ನಮ್ಮ ಏಪ್ರಿಲ್ ಸೆಕೆಯಲ್ಲಿ ಅದು ಹಿಂಸೆಯೇ ಆದರೂ ಬಿಡುವಂತಿಲ್ಲ. ಕುಳಿತು ಮಾಡುವ ಉದ್ಯೋಗಕ್ಕೆ ಒಂದು ವಾರದೊಳಗೆ ಮರಳಬಹುದು. ಭಾರ ಎತ್ತುವುದು, ಜಿಮ್, ಕ್ರಿಕೆಟ್ ಇತ್ಯಾದಿಗಳಿಗೆ ಸುಮಾರು ಆರು ವಾರ ಬಿಡುವು. ಊತ ಪೂರ್ತಿ ಇಳಿದು ನಿಜವಾದ ಆಕಾರ ಕಾಣಲು ಮೂರರಿಂದ ಆರು ತಿಂಗಳು ಬೇಕು.

ತೊಡಕುಗಳಲ್ಲಿ ಹೆಚ್ಚಾಗಿ ಕಾಣುವುದು ಒಳಗೆ ರಕ್ತ ಹೆಪ್ಪುಗಟ್ಟುವುದು. ಮೊದಲ ಒಂದೆರಡು ದಿನಗಳಲ್ಲಿ ಒಂದು ಕಡೆ ಎದೆ ಥಟ್ಟನೆ ಬಿಗಿದು ಉಬ್ಬಿ ನೋವು ಏರಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ನೀರು ತುಂಬಿಕೊಳ್ಳುವುದು, ಸೋಂಕು, ತೊಟ್ಟಿನ ಜೋಮು, ಎರಡೂ ಕಡೆ ಒಂದೇ ಸಮ ಇಲ್ಲದಿರುವುದು ಇತರ ತೊಂದರೆಗಳು. ಎದೆಯ ಚರ್ಮದಲ್ಲಿ ಕಲೆ ದಪ್ಪಗಟ್ಟಿ ಕೆಲಾಯ್ಡ್ ಆಗುವ ಪ್ರವೃತ್ತಿ ಹೆಚ್ಚು. ಹಿಂದೆ ಕಿವಿ ಚುಚ್ಚಿದಲ್ಲಿಯೋ ಗಾಯವಾದಲ್ಲಿಯೋ ಹಾಗೆ ಆಗಿದ್ದರೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಧೂಮಪಾನಿಗಳು ಕೆಲವು ವಾರ ಮುಂಚಿತವಾಗಿಯೇ ಬಿಡಬೇಕು. ತೊಟ್ಟಿನ ರಕ್ತ ಸಂಚಾರಕ್ಕೆ ಅದು ನೇರ ಶತ್ರು.

ಯಾರ ಕೈಗೆ ಒಪ್ಪಿಸಬೇಕು?

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ಕಿರುತೆರೆಯ ಯುವನಟಿಯೊಬ್ಬರು ಅಸುನೀಗಿದ ಸುದ್ದಿ ರಾಜ್ಯವನ್ನು ಬೆಚ್ಚಿಬೀಳಿಸಿತ್ತು. ಅದೇ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗವು ಸೌಂದರ್ಯ ಚಿಕಿತ್ಸೆಗಳ ಕುರಿತು ಸೂಚನೆ ಹೊರಡಿಸಿ, ಕಾರ್ಯಾಗಾರಗಳಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿಯುವುದು ಸಾಕಾಗುವ ತರಬೇತಿಯಲ್ಲ ಎಂದು ಸ್ಪಷ್ಟಪಡಿಸಿತು. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಪದವಿ ಇದೆಯೇ ಎಂದು ಕೇಳುವುದರಲ್ಲಿ ಅಗೌರವವೇನೂ ಇಲ್ಲ. ಅರಿವಳಿಕೆ ತಜ್ಞರು ಶಸ್ತ್ರಚಿಕಿತ್ಸೆ ಮುಗಿಯುವವರೆಗೂ ಇರುತ್ತಾರೆಯೇ, ರಾತ್ರಿ ರಕ್ತಸ್ರಾವವಾದರೆ ಯಾರಿಗೆ ಕರೆ ಮಾಡಬೇಕು ಎಂಬುದನ್ನೂ ಕೇಳಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರ ಪ್ರಕಾರ ಪ್ರತಿ ಖಾಸಗಿ ಆಸ್ಪತ್ರೆ, ಕ್ಲಿನಿಕ್ ನೋಂದಣಿ ಮಾಡಿಸಿಕೊಂಡಿರಬೇಕು. ಆ ನೋಂದಣಿ ಪತ್ರವನ್ನು ನೋಡಿಕೊಳ್ಳಿ.

ಖರ್ಚಿನ ವಿಚಾರದಲ್ಲಿ ಆರೋಗ್ಯ ವಿಮೆಯನ್ನು ಪೂರ್ತಿ ನೆಚ್ಚಿಕೊಳ್ಳುವಂತಿಲ್ಲ. ರೂಪ ಬದಲಾವಣೆಯ ಚಿಕಿತ್ಸೆಯನ್ನು ವಿಮಾ ಕರಾರುಗಳು ಹೊರಗಿಡುತ್ತವೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಬಳಿಕದ ಪುನರ್ರಚನೆಗೆ, ಅಥವಾ ಆರೋಗ್ಯಕ್ಕಿರುವ ನೇರ ಅಪಾಯ ನಿವಾರಿಸಲು ಅಗತ್ಯವೆಂದು ವೈದ್ಯರು ಪ್ರಮಾಣೀಕರಿಸಿದಾಗ ಮಾತ್ರ ವಿನಾಯಿತಿ. ಹಣದ ಅಡಚಣೆಯಿರುವವರು ಬೆಂಗಳೂರಿನ ವಿಕ್ಟೋರಿಯಾದಂತಹ, ಪ್ಲಾಸ್ಟಿಕ್ ಸರ್ಜರಿ ವಿಭಾಗವಿರುವ ಸರ್ಕಾರಿ ಆಸ್ಪತ್ರೆಗಳಲ್ಲಿ ವಿಚಾರಿಸಬಹುದು.

ಸೇನೆ ಸೇರಬಯಸುವ ಯುವಕರಿಗೆ ಇದು ಉದ್ಯೋಗದ ಪ್ರಶ್ನೆಯೂ ಹೌದು. ನೇಮಕಾತಿಯ ವೈದ್ಯಕೀಯ ತಪಾಸಣೆಯಲ್ಲಿ ಎದೆಯ ಉಬ್ಬು ಅನರ್ಹತೆಗೆ ಕಾರಣವಾಗುತ್ತದೆ. ಶಸ್ತ್ರಚಿಕಿತ್ಸೆಯ ಬಳಿಕ ನಿಗದಿತ ಅವಧಿ ಕಳೆದು ಗಾಯ ಪೂರ್ತಿ ಮಾಗಿದ್ದರಷ್ಟೇ ಅರ್ಹರೆಂದು ಪರಿಗಣಿಸುತ್ತಾರೆ. ರ್‍ಯಾಲಿಗೆ ತಿಂಗಳೊಪ್ಪತ್ತು ಇರುವಾಗ ಅವಸರದಿಂದ ಮಾಡಿಸಿಕೊಂಡರೆ ಹಣವೂ ಹೋಗಿ ಅವಕಾಶವೂ ತಪ್ಪುತ್ತದೆ. ತೆಗೆದ ಅಂಗಾಂಶವನ್ನು ಹಿಸ್ಟೊಪೆಥಾಲಜಿ ಪರೀಕ್ಷೆಗೆ ಕಳುಹಿಸುವಂತೆ ಎಲ್ಲರೂ ಕೇಳಬೇಕು. ಆ ವರದಿಯನ್ನೂ, ಡಿಸ್ಚಾರ್ಜ್ ಸಾರಾಂಶವನ್ನೂ ಕಡತದಲ್ಲಿ ಜೋಪಾನವಾಗಿ ಇರಿಸಿಕೊಳ್ಳಬೇಕು.